ಮೊದಲ ನಲವತ್ತು ಮರ ಕೊಟ್ಟವರಿಗೆ

ಜಡಿಮಳೆಯ ಆಟಿ ತಿಂಗಳ ನಡುವೆ ಸಿಕ್ಕಿದ ನಾಲ್ಕು ದಿನದ ಬಿಸಿಲಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸುತ್ತಿನ ಮದ್ದೂ ಬಿಟ್ಟಾಯಿತು. ಪೈಪಿನಲ್ಲಿ ನೀಲಿ ಹೋಗಿ ತಿಳಿನೀರು ಬರುವ ತನಕ ಪಂಪು ಓಡಿಸಿ, ನೆಲದಲ್ಲಿ ನಿಂತೇ ಗೊನೆಗೆ ಮದ್ದು ಬಿಡುವ ಕಾರ್ಬನ್ ಫೈಬರಿನ ಉದ್ದ ಕೋಲುಗಳನ್ನು, ಅಂದರೆ ದೋಟಿಗಳನ್ನು, ತೊಳೆದು ಒರೆಸಿ ಕೊಟ್ಟಿಗೆಯ ಮಾಡಿಗೆ ಕಟ್ಟಿದ್ದೇವೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಅಡಿಕೆ ತೋಟಗಳಲ್ಲಿ ಈ ವರ್ಷ ಮೊದಲ ಸಲ ದೋಟಿ ಹಿಡಿದ ನಮ್ಮ ತಂಡಕ್ಕೆ ಬರುವ ವರ್ಷದ ಕೆಲಸ ಈಗಲೇ ಗೊತ್ತಾಗಿದೆ. ಅದಕ್ಕೆ ಕಾರಣರಾದ ತೋಟದ ಮನೆಗಳ ಮಾವಂದಿರಿಗೆ, ಅಕ್ಕಂದಿರಿಗೆ, ಮರ ಹತ್ತುವ ಅಣ್ಣಂದಿರಿಗೆ ಎಲ್ಲರೆದುರು ಕೈಮುಗಿದು ಹೇಳಬೇಕಾದ ಮಾತು ಇದು.

"ಮೊದಲು ಯಾರ ತೋಟದಲ್ಲಿ ಬಿಟ್ಟಿದ್ದೀರಿ?" ಎಂದು ಬೆಳೆಗಾರರು ಕೇಳುವುದರಲ್ಲಿ ತಪ್ಪಿಲ್ಲ. ಮೈಲುತುತ್ತು-ಸುಣ್ಣದ ಮದ್ದಾದ ಬೋರ್ಡೋ ದ್ರಾವಣ ಗೊನೆಗೆ ಸರಿಯಾಗಿ ಹಿಡಿದಿದೆಯೇ ಎಂಬುದು ಬಿಟ್ಟ ದಿನ ಗೊತ್ತಾಗುವುದಿಲ್ಲ. ಜಡಿಮಳೆ ಹಿಡಿದ ಮೇಲೆ ತೊಟ್ಟಿನ ಬಳಿ ನೀರು ಹೀರಿದ ಹಾಗೆ ಕಡುಹಸಿರು ಕಲೆ ಬಂದು, ಕಾಯಿಯ ಹೊಳಪು ಹೋಗಿ, ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಕಂಡಾಗಲೇ ತಪ್ಪು ತಿಳಿಯುವುದು. ಮದ್ದು ಇರುವುದು ಕೊಳೆರೋಗ ತಾಗದಂತೆ ತಡೆಯಲಿಕ್ಕೆ. ತಾಗಿದ ಕಾಯಿಯನ್ನು ಅದು ಉಳಿಸಿಕೊಡುವುದಿಲ್ಲ. ಹಾಗಾಗಿ ಹೊಸಬರ ಕೈಗೆ ದೋಟಿ ಕೊಡುವುದೆಂದರೆ ಇಡೀ ವರ್ಷದ ಫಸಲನ್ನು ಕೊಟ್ಟ ಹಾಗೆ.

ನೀವು ಇಡೀ ತೋಟ ಕೊಡಲಿಲ್ಲ, ನಲವತ್ತು ಮರ ಕೊಟ್ಟಿರಿ. ನಮಗೆ ಸಿಕ್ಕಿದ ದೊಡ್ಡ ಉಪಕಾರ ಅದೇ. ತೆಂಕು ಬದಿಯ ಕಣಿಯಾಚೆ, ದೋಟಿಗೆ ಸುಲಭವಾಗಿ ಎಟಕುವ ಗಿಡ್ಡ ಮರಗಳು. ಅದೂ ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಹತ್ತು ದಿನ ಮೊದಲೇ, ಬರೀ ನೀರಿನಲ್ಲಿ. ಹೇಗೂ ನೀರು ಹಾಕಬೇಕಾದ ಮರಗಳು, ತಪ್ಪಿದರೂ ನಷ್ಟವಿಲ್ಲ. ದೋಟಿಯ ತುದಿಯ ಸಪೂರ ಕೊಳವೆಯನ್ನು ಮೊದಲು ಎಳೆಯಬೇಕು, ಗುರುತಿನಿಂದ ಆಚೆಗೆ ಎಳೆಯಬಾರದು, ಒಂದೊಂದು ಕ್ಲಾಂಪನ್ನೂ ಬಿಗಿ ಮಾಡಿಯೇ ಮುಂದಿನದಕ್ಕೆ ಕೈ ಹಾಕಬೇಕು, ಉದ್ದ ಮಾಡಿದ ದೋಟಿಯನ್ನು ನೆಲದಲ್ಲಿ ಮಲಗಿಸಿ ಎತ್ತಲು ಹೋದರೆ ನಡುವಿನಲ್ಲಿ ಬಳುಕಿ ಸೀಳು ಬಿಡುತ್ತದೆ – ಇದೆಲ್ಲ ಕೈಗೆ ಹತ್ತಿದ್ದು ಆ ನೀರಿನ ದಿನಗಳಲ್ಲಿ. ಕೊಳವೆ ಹಗುರವೇ. ಆದರೆ ಪೈಪಿನಲ್ಲಿ ಮದ್ದು ತುಂಬಿದಾಗ ಭಾರವೆಲ್ಲ ಮೇಲಿನಿಂದ ಜಗ್ಗುತ್ತದೆ. ದೋಟಿಯನ್ನು ಪಕ್ಕದ ಮರಕ್ಕೆ ಒಂದಿಷ್ಟು ಆನಿಸಿಕೊಂಡು ಕುತ್ತಿಗೆಗೆ ಬಿಡುವು ಕೊಡದಿದ್ದರೆ ಹನ್ನೊಂದು ಗಂಟೆಯ ಮೇಲೆ ಗುರಿ ತಪ್ಪತೊಡಗುತ್ತದೆ.

ನಂತರ ನಿಜವಾದ ಮದ್ದು. ಇಲ್ಲಿ ಅಕ್ಕಂದಿರ ಋಣ ದೊಡ್ಡದು, ಏಕೆಂದರೆ ಹಲವು ಮನೆಗಳಲ್ಲಿ ಪಾಕ ಅವರ ಕೈಯದ್ದು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಟ್ಟ ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕಿಲೋ. ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ. ಮೈಲುತುತ್ತನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಮಟ್ಟದಲ್ಲಿ ತೂಗಬಿಡಬೇಕು ಎನ್ನುವುದು ಕಲಿಸಿಕೊಟ್ಟರೇ ಗೊತ್ತಾಗುವುದು. ಹರಳು ತಳಕ್ಕೆ ಬಿದ್ದರೆ ಅದರ ಸುತ್ತ ದಟ್ಟ ನೀಲಿ ನೀರು ನಿಂತು ಮತ್ತೆ ಬೇಗ ಕರಗುವುದಿಲ್ಲ. ತೂಗಬಿಟ್ಟರೆ ಕರಗಿದ್ದು ಭಾರಕ್ಕೆ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬಂದು ಇನ್ನಷ್ಟು ಕರಗಿಸುತ್ತದೆ. ರಾತ್ರಿ ಕಟ್ಟಿದರೆ ಬೆಳಿಗ್ಗೆ ಬಟ್ಟೆ ಖಾಲಿ. ಪಾತ್ರೆ ಪ್ಲಾಸ್ಟಿಕ್ಕಿನದ್ದೇ ಆಗಬೇಕು, ಕಬ್ಬಿಣದ್ದಾದರೆ ತಾಮ್ರವೆಲ್ಲ ಅದಕ್ಕೇ ಹಿಡಿಯುತ್ತದೆ. ಸುಣ್ಣವನ್ನು ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿ, ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಸೋಸಬೇಕು. ಸೋಸದ ಸುಣ್ಣದ ಒಂದು ಕಲ್ಲು ಸಾಕು ನಾಜಲ್ಲು ಕಟ್ಟಲಿಕ್ಕೆ. ಅದನ್ನು ಬಿಡಿಸಲು ದೋಟಿ ಇಳಿಸಿ ಮತ್ತೆ ಏರಿಸುವಷ್ಟರಲ್ಲಿ ಮೋಡ ಬಂದಿರುತ್ತದೆ. ಕೊನೆಗೆ, ಸುಣ್ಣದ ನೀರನ್ನು ಕೋಲಿನಿಂದ ಕಲಕುತ್ತಲೇ ಅದಕ್ಕೆ ಮೈಲುತುತ್ತಿನ ನೀರನ್ನು ಹೊಯ್ಯಬೇಕು. ಎರಡೂ ತಣ್ಣಗಿರಬೇಕು. ಬಿಸಿಯಿದ್ದರೆ ಕಣಗಳು ದಪ್ಪವಾಗಿ ಬೇಗ ತಳಕ್ಕಿಳಿಯುತ್ತವೆ, ಗೊನೆಗೆ ಅಂಟುವುದಿಲ್ಲ.

ಆಮೇಲೆ ಕತ್ತಿ. ಕಲ್ಲಿಗೆ ತಿಕ್ಕಿ ಹೊಳಪು ಬರಿಸಿದ ಕತ್ತಿಯನ್ನು ಒಂದು ನಿಮಿಷ ಡ್ರಮ್ಮಿನಲ್ಲಿ ಅದ್ದಿ ತೆಗೆದರೆ ಅಲಗು ಹಾಗೆಯೇ ಹೊಳೆಯುತ್ತಿರಬೇಕು. ಕೆಂಪು ಮಿಶ್ರಿತ ಕಂದು ಬಣ್ಣ ಕೂತರೆ ತಾಮ್ರ ಮಿಕ್ಕಿದೆ ಎಂದರ್ಥ, ಅದನ್ನು ಬಿಟ್ಟರೆ ಎಳೆಯ ಕಾಯಿ ಸುಡುತ್ತದೆ. ಗಾಳಿ ತಾಗಿದ ಹಳೆ ಸುಣ್ಣವಾದರೆ ಒಂದು ಕಿಲೋ ಹಾಕಿದರೂ ಸಾಲದೆ ಹೀಗಾಗುವುದುಂಟು. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಕತ್ತಿ ಅದ್ದಬೇಕು. ಪಿಎಚ್ ಕಾಗದ ಇದ್ದರೆ ಒಳ್ಳೆಯದೇ, ಆದರೆ ಕತ್ತಿಯಿಲ್ಲದ ಮನೆ ನಮ್ಮ ಕಡೆ ಇಲ್ಲವಲ್ಲ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬೆನ್ನುಹತ್ತಿ ಈ ಮದ್ದನ್ನು ಬೆಳೆಗಾರರಿಗೆ ಹೇಳಿಕೊಟ್ಟರು. ಅಂದಿನಿಂದ ಬಂದ ವಿದ್ಯೆ ಅಂಗಳದ ಡ್ರಮ್ಮಿನ ಬಳಿ ನಮ್ಮ ಕೈಗೂ ದಾಟಿತು.

ಮೊದಲ ದಿನದ ಮದ್ದು ಒಣಗಿದ ಮೇಲೆ ಒಬ್ಬ ಮಾವ ಚೆನ್ನಾಗಿದ್ದ ಒಂದು ಗೊನೆಯನ್ನೇ ಕೊಯ್ದು ಜಗಲಿಯಲ್ಲಿಟ್ಟರು. ಹೊರಮೈಯ ಕಾಯಿಗಳೆಲ್ಲ ತಿಳಿನೀಲಿ. ಗೊನೆಯನ್ನು ತಿರುಗಿಸಿದರೆ ಮರಕ್ಕೆ ಒತ್ತಿದ ಬದಿ ಹಸಿ ಹಸಿರು, ಒಳಗಿನ ಎಸಳುಗಳ ಸಂದಿಯಲ್ಲಿ ಒಂದು ಹನಿಯೂ ಇಲ್ಲ, ತೊಟ್ಟಿನ ಸುತ್ತ ಅಲ್ಲಲ್ಲಿ ಮಾತ್ರ. ರೋಗ ಶುರುವಾಗುವುದೇ ತೊಟ್ಟಿನ ಬಳಿಯಿಂದ. ಬೈಗುಳ ಒಂದೂ ಬರಲಿಲ್ಲ. ಕಾಯಿ ಒಂದೊಂದನ್ನೇ ಬೆರಳಿನಿಂದ ಸರಿಸಿ ತೋರಿಸಿದರು, ಅಷ್ಟೆ. ಒಂದೇ ಕಡೆ ನಿಂತು ಎಷ್ಟು ಬಿಟ್ಟರೂ ಉಪಯೋಗವಿಲ್ಲ, ಮರಕ್ಕೆ ಸುತ್ತು ಬಂದು ಎರಡು ಕಡೆಯಿಂದ, ಕೆಳಗಿನಿಂದ ಮೇಲಕ್ಕೊಮ್ಮೆ, ಮೇಲಿನಿಂದ ಕೆಳಕ್ಕೊಮ್ಮೆ ಬಿಡಬೇಕು ಎಂದು ಆಮೇಲೆ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಒಂದು ಗೊನೆಯ ಬೆಲೆ ತೆತ್ತು ಕೊಟ್ಟ ಈ ಪಾಠಕ್ಕೆ ನಮ್ಮಲ್ಲಿ ಸಮನಾದ ಮಾತಿಲ್ಲ.

ಮರ ಹತ್ತುವ ಅಣ್ಣಂದಿರೇ, ನಿಮ್ಮ ವಿಷಯ ಬರೆಯುವಾಗ ಕೈ ತಡೆಯುತ್ತದೆ. ದೋಟಿ ಬಂದರೆ ಕೆಲಸ ಹೋಗುತ್ತದೆ ಎಂದು ಊರೆಲ್ಲ ನಿಮಗೆ ಹೇಳುತ್ತಿದ್ದರೂ ನೀವು ನಮ್ಮ ಜೊತೆ ಬುಡದಲ್ಲಿ ನಿಂತು ಮೇಲೆ ನೋಡಿದಿರಿ. ಯಾವ ಮರದ ಗೊನೆ ಯಾವ ಕಡೆಗೆ ತೂಗುತ್ತದೆ, ಗಾಳಿಗೆ ಬೆನ್ನು ಹಾಕಿ ಹೇಗೆ ನಿಲ್ಲಬೇಕು, ಮದ್ದು ಮಂಜಿನ ಹಾಗೆ ಬೀಳಬೇಕೇ ಹೊರತು ನೀರಿನ ಏಟಿನ ಹಾಗಲ್ಲ, ಏಟು ಬಿದ್ದರೆ ನಳ್ಳಿ, ಅಂದರೆ ಎಳೆಯ ಕಾಯಿ, ಉದುರುತ್ತದೆ – ಎಲ್ಲ ನಿಮ್ಮಿಂದ ಬಂದದ್ದು. ಕಳೆದ ವರ್ಷದ ಒಣಗಿದ ಗೊನೆ ಮರದ ಮಂಡೆಯಲ್ಲೇ ಉಳಿದಿದ್ದರೆ ರೋಗ ಅಲ್ಲಿಂದಲೇ ಹೊರಡುತ್ತದೆ, ಅದನ್ನು ಮೊದಲು ತೆಗೆಯಿರಿ ಎಂದದ್ದೂ ನೀವೇ. ದೋಟಿಗೆ ಎಟಕದ ಹಳೆ ಮರಗಳಿಗೆ ಇಂದಿಗೂ ನೀವೇ ಬೇಕು. ಅದು ನಮಗೆ ಚೆನ್ನಾಗಿ ಗೊತ್ತು.

ವಿದ್ಯುತ್ ತಂತಿಯ ಆಸುಪಾಸಿನ ಮರಗಳಿಗೆ ಮೊದಲೇ ಕೆಂಪು ಬಟ್ಟೆ ಕಟ್ಟಿಟ್ಟ ಮನೆಯವರಿಗೆ ಬೇರೆಯೇ ಕೃತಜ್ಞತೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ಕಿನಂತೆ ಇರುವುದರಿಂದ ಹೊಸಬರಿಗೆ ಅದು ಹೊಳೆಯುವುದೇ ಇಲ್ಲ. ಲೈನು ಆಫ್ ಮಾಡಿಸದೆ ಆ ಮರಗಳ ಹತ್ತಿರ ದೋಟಿ ಎತ್ತಬೇಡಿ ಎಂದು ನೀವು ಕಡ್ಡಾಯವಾಗಿ ಹೇಳಿದಿರಿ. ಕನ್ನಡಕ, ಟೊಪ್ಪಿ, ಉದ್ದ ತೋಳಿನ ಅಂಗಿ ಇಲ್ಲದೆ ಬಂದವರನ್ನು ಪಂಪಿನ ಹತ್ತಿರ ಬಿಡಲಿಲ್ಲ.

ಕೂಲಿಯ ವಿಷಯದಲ್ಲೂ ನೀವು ಯೋಚಿಸಿದ್ದು ಕಂಡಿತು. ಶುರುವಿನಲ್ಲಿ ಡ್ರಮ್ಮಿನ ಲೆಕ್ಕದಲ್ಲಿ ಕೊಟ್ಟಿದ್ದರೆ ಡ್ರಮ್ಮು ಖಾಲಿ ಮಾಡುವುದರ ಕಡೆಗೇ ಮನಸ್ಸು ಹೋಗುತ್ತಿತ್ತು, ಮದ್ದು ಗೊನೆಗಿಂತ ಹೆಚ್ಚು ನೆಲಕ್ಕೆ ಬೀಳುತ್ತಿತ್ತು. ದಿನದ ಸಂಬಳ ಕೊಟ್ಟು ನಿಧಾನ ಮಾಡಲು ಬಿಟ್ಟಿರಿ. ದೋಟಿಗೆ ಒಬ್ಬರು, ಪೈಪು ಎಳೆಯಲು ಒಬ್ಬರು, ಡ್ರಮ್ಮು ಕಲಕುತ್ತಲೇ ಇರಲು ಒಬ್ಬರು, ಹೀಗೆ ಮೂವರಿಗೂ ಸಮಸಮ. ಕಲಕುವವರಿಗೂ ಅಷ್ಟೇ ಸಂಬಳವೇ ಎಂದು ಕೇಳಿದವರಿದ್ದಾರೆ. ಕಲಕುವುದು ನಿಂತರೆ ಕೊನೆಯ ಮರಗಳಿಗೆ ಬರೀ ನೀರು ಹೋಗುತ್ತದೆ, ಸಮವೇ ಸರಿ.

ಇನ್ನೊಂದು. ನೆರೆಮನೆಯವರು ನಮ್ಮ ಬಗ್ಗೆ ವಿಚಾರಿಸಿದಾಗ "ಪಾಪ, ಒಳ್ಳೆಯ ಮಕ್ಕಳು" ಎಂದು ನೀವು ಹೇಳಲಿಲ್ಲ. "ನಲವತ್ತರಲ್ಲಿ ಆರು ಮರಕ್ಕೆ ಸರಿ ಬಿದ್ದಿರಲಿಲ್ಲ, ಮರುದಿನ ಬಂದು ಸರಿ ಮಾಡಿದರು, ಕತ್ತಿ ಅದ್ದದೆ ಪಂಪು ಸ್ಟಾರ್ಟ್ ಮಾಡುವುದಿಲ್ಲ" ಎಂದಿರಿ. ತಪ್ಪನ್ನೂ ಸೇರಿಸಿ ಹೇಳಿದ ಆ ಮಾತನ್ನು ನಂಬಿಯೇ ಮಳೆ ಹಿಡಿಯುವ ಮೊದಲು ಉಳಿದ ತೋಟಗಳ ಬಾಗಿಲು ತೆರೆಯಿತು. ನಲವತ್ತು-ನಲವತ್ತೈದು ದಿನ ಕಳೆದು ಎರಡನೇ ಸುತ್ತಿಗೆ ಕರೆಯುವಾಗ ಯಾರೂ ಅನುಭವದ ಸುದ್ದಿ ಎತ್ತಲಿಲ್ಲ.

ಬರುವ ಪತ್ತನಾಜೆಗೆ ನಮ್ಮ ಜೊತೆ ಇಬ್ಬರು ಹೊಸಬರು ಇರುತ್ತಾರೆ. ದೋಟಿ ಮುಟ್ಟಿಯೂ ನೋಡದವರು. ಮಾವ, ತೆಂಕು ಬದಿಯ ಆ ನಲವತ್ತು ಮರ ಅವರಿಗೆ ಇರಲಿ. ಕೊಯ್ದು ತೋರಿಸುವ ಗೊನೆಯ ಬೆಲೆ ಈ ಸಲ ನಮ್ಮ ಸಂಬಳದಲ್ಲಿ ಮುರಿದುಕೊಳ್ಳಿ.