ಅಂಕಪಟ್ಟಿ ಬಂತು, ಕೆಲಸ ಹೋಯಿತು

ಸಂಪಾದಕರೇ,

ನನ್ನ ಮಗಳು ಬಿ.ಕಾಂ. ಮುಗಿಸಿದಳು. ಬೆಂಗಳೂರಿನ ಒಂದು ಕಂಪನಿ ಕರೆದು, ಕೊನೆಯ ಸೆಮಿಸ್ಟರ್ ಅಂಕಪಟ್ಟಿ ತನ್ನಿ ಎಂದಿತು. ವಿಶ್ವವಿದ್ಯಾಲಯದ ಕೌಂಟರಿನಲ್ಲಿ ‘ಮುಂದಿನ ವಾರ ಬನ್ನಿ’ ಎಂಬ ಉತ್ತರ. ಮೂರು ಸಲ ಸುಮ್ನೆ ಬಸ್ ಹತ್ತಿ ಇಳಿದದ್ದಾಯಿತು. ನಾಲ್ಕನೇ ಸಲ ಅಂಕಪಟ್ಟಿ ಸಿಕ್ಕಿತು. ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು.

ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ನಿರುದ್ಯೋಗ ಭತ್ಯೆಯ ಯುವನಿಧಿ ಯೋಜನೆ ಶುರು ಮಾಡಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಒಳ್ಳೆಯದೇ. ಆದರೆ ಅದು ಸಿಗಬೇಕಾದರೆ ಪಾಸಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಮಕ್ಕಳು ಜಾಸ್ತಿ ಕಂಗಾಲಾಗುವುದು ಆ ಆರು ತಿಂಗಳಲ್ಲೇ ಅಲ್ವಾ?

ಕೊನೆಯ ಸೆಮಿಸ್ಟರ್‌ನಲ್ಲೇ ಕಾಲೇಜುಗಳು ಒಂದಿಷ್ಟು ತಯಾರಿ ಮಾಡಿಸಲಿ. ಕೇಂದ್ರದ ಅಪ್ರೆಂಟಿಸ್ ಯೋಜನೆ ‘ನ್ಯಾಟ್ಸ್’ನಲ್ಲಿ ಪದವೀಧರರೂ ಹೆಸರು ನೋಂದಾಯಿಸಬಹುದು. ಕೆಲಸ ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ. ನನ್ನ ಮಗಳಿಗೆ ಇದನ್ನು ಹೇಳಿದ್ದು ಕಾಲೇಜಲ್ಲ, ಜೆರಾಕ್ಸ್ ಅಂಗಡಿಯ ಹುಡುಗ! ಪಿಎಫ್ ಎಂದರೇನು, ಆಫರ್ ಲೆಟರ್‌ನಲ್ಲಿ ಬರೆದ ಸಂಬಳದಲ್ಲಿ ಕೈಗೆ ಬರುವುದೆಷ್ಟು, ಪಿ.ಜಿ. ಬಾಡಿಗೆ ಕಟ್ಟಿ ಉಳಿಯುವುದೆಷ್ಟು ಎನ್ನುವುದನ್ನೂ ಯಾರಾದರೂ ಕೂರಿಸಿಕೊಂಡು ಹೇಳಬೇಕು. ಬೀಳ್ಕೊಡುಗೆಗೆ ಇಡೀ ದಿನ ಕೊಡುವ ಕಾಲೇಜಿಗೆ ಇದಕ್ಕೆ ಅರ್ಧ ದಿನ ಸಿಗುವುದಿಲ್ಲವೇ?

ಇನ್ನು ಅಂಕಪಟ್ಟಿಯ ಮಾತು. ಫಲಿತಾಂಶ ಬಂದ ವಾರದೊಳಗೆ ಅದು ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಇರಲಿ. ಮಗಳು ಈಗ ನಮ್ಮೂರಲ್ಲೇ ಒಬ್ಬ ಆಡಿಟರ್ ಬಳಿ ಟ್ಯಾಲಿ ಎಂಟ್ರಿ ಮಾಡುತ್ತಿದ್ದಾಳೆ. ಬೆಂಗಳೂರಿಗೆಂದು ಕೊಂಡ ಸೂಟ್‌ಕೇಸ್ ಅಟ್ಟದ ಮೇಲಿದೆ.

ಒಬ್ಬ ತಂದೆ