ಕಾಲುವೆ ದಾಟದ ಕೋಶಗಳ ಬಗ್ಗೆ ಸೋದರಸೊಸೆಗೆ

ಧಾರವಾಡ

ಚಿ. ಮೇದಿನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸುದ್ದಿ, ನಿನ್ನ ಅಪ್ಪನ ಬಿ.ಪಿ., ತಡವಾಗಿ ಬರುವ ಫೆಲೋಶಿಪ್ ಹಣ, ಇವುಗಳ ಬಗ್ಗೆ ಫೋನಿನಲ್ಲಿ ಮಾತಾಡಿಯಾಗಿದೆ, ಮತ್ತೆ ಬರೆಯುವುದಿಲ್ಲ. ಆದರೆ ನಿನ್ನ ಪಿಎಚ್‌.ಡಿ. ಕೆಲಸದ ಬಗ್ಗೆ, ಔಷಧ ಹಾಕಿದಾಗ ಮತ್ತು ಹಾಕದಿದ್ದಾಗ ಎಷ್ಟು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಿರಿದಾದ ಸಿಲಿಕೋನ್ ಕಾಲುವೆಯೊಂದನ್ನು ದಾಟುತ್ತವೆ ಎಂದು ವಿಡಿಯೊದಲ್ಲಿ ಎಣಿಸುವ ಆ ಕೆಲಸದ ಬಗ್ಗೆ, ಬೇರೇನನ್ನೋ ಹೇಳುತ್ತಾ ನಡುವೆ ನೀನು ಬರೆದುಬಿಟ್ಟ ಒಂದು ಮಾತು ನನ್ನ ಮನಸ್ಸಿನಿಂದ ಕದಲುತ್ತಿಲ್ಲ. "ಅತ್ತೆ, ಕಾಲುವೆ ದಾಟಿದ ಕೋಶಗಳನ್ನು ಎಣಿಸುತ್ತೇನೆ, ಬಾಯಲ್ಲೇ ನಿಂತುಬಿಟ್ಟವನ್ನು ಕೆಟ್ಟುಹೋದವು ಎಂದು ಬಿಟ್ಟುಬಿಡುತ್ತೇನೆ. ಅವು ನಿಜವಾಗಿ ಕೆಟ್ಟಿವೆಯೋ ಅಥವಾ ನನಗೆ ಬೇಡವಾಗಿವೆಯೋ ಎಂಬುದು ಈಗ ನನಗೇ ತಿಳಿಯುತ್ತಿಲ್ಲ" ಎಂದಿದ್ದೀಯ. ಅದರ ಮುಂದಿನ ಸಾಲಿನಲ್ಲೇ ಹಾಸ್ಟೆಲಿನ ಊಟದ ವಿಷಯಕ್ಕೆ ಹೋಗಿದ್ದೀಯ. ನನಗೆ ಹಾಗೆ ಮುಂದೆ ಹೋಗಲಾಗಲಿಲ್ಲ.

ದಣಿವಿನಿಂದ ಹೀಗೆ ಅನ್ನಿಸುತ್ತದೆ, ನಾಲ್ಕು ದಿನ ಊರಿಗೆ ಬಂದು ಹೋದರೆ ಸರಿಯಾಗುತ್ತದೆ ಎಂದು ಬರೆದು ಮುಗಿಸಬಹುದಿತ್ತು. ನಿನ್ನ ಅಮ್ಮ ಹಾಗೆಯೇ ಹೇಳಿರುತ್ತಾಳೆ, ಅವಳು ಹೇಳಿದ್ದರಲ್ಲಿ ತಪ್ಪೂ ಇಲ್ಲ. ಆದರೆ ಈ ಭಯ ದಣಿವಿನಿಂದ ಹುಟ್ಟಿದ್ದಲ್ಲ. ನೀನು ಹಿಡಿದಿರುವ ಕೋಶದ ಸ್ವಭಾವದಲ್ಲಿಯೇ ಅದಕ್ಕೆ ಕಾರಣವಿದೆ. ಮನುಷ್ಯನ ಮೂಳೆಮಜ್ಜೆ ದಿನವೊಂದಕ್ಕೆ ಹತ್ತು ಸಾವಿರ ಕೋಟಿಯಷ್ಟು ನ್ಯೂಟ್ರೋಫಿಲ್‌ಗಳನ್ನು ಮಾಡುತ್ತದೆ. ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ. ಆದರೂ ರಕ್ತದಿಂದ ಹೊರಗೆ ತೆಗೆದ ಮೇಲೆ ಅವು ನಮಗೆ ದಕ್ಕುವುದು ಕೆಲವೇ ಗಂಟೆಗಳ ಕಾಲ. ಇನ್ನೊಂದು ಜಾತಿಯ ಬಿಳಿ ರಕ್ತಕಣಗಳಾದ ಟಿ ಕೋಶಗಳಂತೆ ಅವನ್ನು ಘನೀಕರಿಸಿಟ್ಟು ಮುಂದಿನ ವಾರ ತೆಗೆದು ಬಳಸಲಾಗದು. ಪಿಪೆಟ್ಟನ್ನು ಸ್ವಲ್ಪ ಒರಟಾಗಿ ಒತ್ತಿದರೆ, ಅವನ್ನಿಡುವ ಬಫರ್ ದ್ರಾವಣದಲ್ಲಿ ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ಒಂದು ಕಣದಷ್ಟು ಉಳಿದಿದ್ದರೆ, ಬರೀ ಗಾಜು ತಗುಲಿದರೂ ಅವು ಕೆರಳುತ್ತವೆ. ಆದ್ದರಿಂದ ನಿನ್ನ ಸಿಲಿಕೋನ್ ಕಾಲುವೆಯ ಬಾಯಲ್ಲಿ ನಿಂತ ಕೋಶ ನಿನ್ನ ಕೈಯಿಂದಲೇ ನೊಂದದ್ದಿರಬಹುದು. ತನ್ನ ಅರ್ಧದಷ್ಟೇ ಅಗಲವಿರುವ ದಾರಿಯಲ್ಲಿ ನ್ಯೂಕ್ಲಿಯಸ್ಸನ್ನು ತೂರಿಸಲಾರದೆ ನಿಂತದ್ದೂ ಇರಬಹುದು. ಮೊದಲನೆಯದು ಕಸ, ಎರಡನೆಯದು ನಿನ್ನ ಥೀಸಿಸ್ಸಿನ ಉತ್ತರ. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಅಕ್ಕಿ ಆರಿಸುವವಳಿಗೆ ಕಲ್ಲು ಯಾವುದೆಂದು ಮೊದಲೇ ಗೊತ್ತಿರುತ್ತದೆ, ನಿನಗೆ ಅದು ಗೊತ್ತಿಲ್ಲ, ಗೊತ್ತಿಲ್ಲದೆಯೇ ಆರಿಸಬೇಕಾಗಿದೆ.

ಪ್ರೊಪಿಡಿಯಂ ಅಯೋಡೈಡ್ ಎಂಬ ಬಣ್ಣ ಹಾಕಿ ನೋಡು ಎಂದು ಬರೆಯಹೊರಟೆ, ನೀನು ಅದನ್ನು ಮಾಡಿಯೇ ಇರುತ್ತೀಯ. ಪೊರೆ ಹರಿದು ಸತ್ತ ಕೋಶವನ್ನು ಅದು ಕೆಂಪಾಗಿ ತೋರಿಸುತ್ತದೆ, ಬದುಕಿದ್ದೂ ಕೆರಳಿ ಅಂಟಿಕೊಂಡ ಕೋಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿನ್ನ ಪ್ರಶ್ನೆ ಇರುವುದು ಆ ಎರಡನೆಯ ಗುಂಪಿನಲ್ಲಿ ಎಂದು ನನಗೆ ಅರ್ಥವಾಗಿದೆ.

ನ್ಯೂಟ್ರೋಫಿಲ್ ಎಂದ ಕೂಡಲೇ ಎಲ್ಲರೂ ತೋರಿಸುವ ಆ ಹಳೆಯ ಕಪ್ಪುಬಿಳುಪು ಚಿತ್ರವನ್ನು ನೀನೂ ನೋಡಿದ್ದೀಯ. 1950ರ ದಶಕದಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರೋಜರ್ಸ್ ತೆಗೆದದ್ದು. ಕೆಂಪು ರಕ್ತಕಣಗಳನ್ನು ಅತ್ತಿತ್ತ ತಳ್ಳುತ್ತಾ ಒಂದು ಕೋಶವು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾವನ್ನು ಬೆನ್ನಟ್ಟಿ, ಅದು ತಿರುಗಿದಲ್ಲೆಲ್ಲ ತಿರುಗಿ, ಕೊನೆಗೆ ನುಂಗಿಬಿಡುತ್ತದೆ. ನಾನು ಅದನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಪ್ರತಿ ಸಲವೂ ನನಗೆ ಅನ್ನಿಸುತ್ತಿದ್ದದ್ದು ಬೇರೆ: ಆ ಗಾಜಿನ ಮೇಲೆ ಇನ್ನೆಷ್ಟು ಕೋಶಗಳಿದ್ದವು, ಬ್ಯಾಕ್ಟೀರಿಯಾ ಪಕ್ಕದಲ್ಲೇ ಇದ್ದರೂ ಅವುಗಳಲ್ಲಿ ಎಷ್ಟು ಸುಮ್ಮನೆ ಕುಳಿತಿದ್ದವು? ಚಿತ್ರವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಒಂದು ಕೋಶ ಹೀಗೆ ಬೆನ್ನಟ್ಟಬಲ್ಲದು ಎಂದು ತೋರಿಸಲು ಒಂದೇ ಕೋಶ ಸಾಕು. ಔಷಧ ಹಾಕಿದ ಪಾತ್ರೆಯಲ್ಲಿ ಇಷ್ಟು, ಹಾಕದ ಪಾತ್ರೆಯಲ್ಲಿ ಇಷ್ಟು ಎಂದು ಹೇಳಬೇಕಾದವಳಿಗೆ ಮಾತ್ರ ಆ ಒಂದು ಸಾಲದು. ನೀನು ಎರಡನೆಯ ಜಾತಿಯ ಕೆಲಸ ಮಾಡುತ್ತಿದ್ದೀಯ, ಆದ್ದರಿಂದಲೇ ಭಯಪಡುತ್ತಿದ್ದೀಯ, ಭಯಪಡಬೇಕಾದದ್ದೂ ಸರಿಯೇ.

ಈ ಭಯ ನನಗೆ ಹೊಸದಲ್ಲ. ನಾನು ಮುಂಬಯಿ ಬಿಟ್ಟು ಊರಿನ ಕಾಲೇಜಿಗೆ ಬಂದುದಕ್ಕೆ ಮನೆಯವರು ಹೇಳುವ ಕಾರಣ ನಿನಗೆ ಗೊತ್ತು. ಅದು ಸುಳ್ಳಲ್ಲ. ಅದರ ಜೊತೆಗೆ ಇನ್ನೊಂದು ಇತ್ತು, ಅದನ್ನು ನಾನು ಯಾರಿಗೂ ಹೇಳಿದವಳಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಮುಂಬಯಿಯ ಲ್ಯಾಬಿನಲ್ಲಿ ನಾವು ಕೆಲಸ ಮಾಡುತ್ತಿದ್ದದ್ದು ಸಪ್ರೆಸರ್ ಟಿ ಕೋಶಗಳ ಮೇಲೆ. ರೋಗನಿರೋಧಕ ಪ್ರತಿಕ್ರಿಯೆಯನ್ನು ತಡೆಯುವ ಟಿ ಕೋಶಗಳಿವೆ ಎಂದು ಯೇಲ್‌ನ ರಿಚರ್ಡ್ ಗರ್ಶನ್ 1970ರ ಹೊತ್ತಿಗೆ ಹೇಳಿದ್ದರು, ಹತ್ತು ವರ್ಷಗಳಲ್ಲಿ ಜಗತ್ತಿನ ದೊಡ್ಡ ಲ್ಯಾಬುಗಳೆಲ್ಲ ಅದರ ಹಿಂದೆ ಬಿದ್ದಿದ್ದವು. ನಮ್ಮ ಪರೀಕ್ಷೆ ನೀಲ್ಸ್ ಯೆರ್ನೆ ಎಂಬ ವಿಜ್ಞಾನಿಯ ಪ್ಲಾಕ್ ವಿಧಾನ. ಕುರಿಯ ಕೆಂಪು ರಕ್ತಕಣ ಚುಚ್ಚಿದ ಇಲಿಯ ಗುಲ್ಮದಿಂದ ಕೋಶಗಳನ್ನು ತೆಗೆದು, ಅದೇ ಕುರಿರಕ್ತದ ಕಣಗಳ ಜೊತೆ ಅಗಾರಿನಲ್ಲಿ ಹರಡಿ, ಆ್ಯಂಟಿಬಾಡಿ ಅಂಟಿದ ಕಣಗಳನ್ನು ಒಡೆಯುವ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳನ್ನು ಸೇರಿಸಿದರೆ, ಆ್ಯಂಟಿಬಾಡಿ ಸುರಿಸುತ್ತಿರುವ ಪ್ರತಿ ಕೋಶದ ಸುತ್ತಲೂ ಕೆಂಪು ಕರಗಿ ಒಂದು ತಿಳಿ ಚುಕ್ಕೆ ಮೂಡುತ್ತಿತ್ತು. ಪಾತ್ರೆಯನ್ನು ಬೆಳಕಿಗೆ ಹಿಡಿದು ಆ ಚುಕ್ಕೆಗಳನ್ನು ಎಣಿಸಬೇಕು. ಸಪ್ರೆಸರ್ ಕೋಶ ಸೇರಿಸಿದ ಪಾತ್ರೆಯಲ್ಲಿ ಚುಕ್ಕೆಗಳು ಕಡಿಮೆಯಾಗಬೇಕು ಎಂಬುದು ನಮ್ಮೆಲ್ಲರ ಆಸೆ. ಕೆಲವು ಚುಕ್ಕೆಗಳು ಸ್ಪಷ್ಟ, ಕೆಲವು ಅರೆಬರೆ. ಅಂಚು ಮಬ್ಬಾಗಿರುವುದು, ಗಾಳಿಗುಳ್ಳೆಯಂತೆ ಕಾಣುವುದು. ಈ ಅರೆಬರೆಯವು ಚುಕ್ಕೆಗಳೋ ಅಲ್ಲವೋ ಎಂದು ತೀರ್ಮಾನಿಸುವುದು ಕಣ್ಣು ಮಾತ್ರವಲ್ಲ ಎಂದು ನನಗೆ ತಿಳಿದದ್ದು, ನಮ್ಮ ಹಿರಿಯ ತಂತ್ರಜ್ಞರೊಬ್ಬರು ಯಾರೂ ಹೇಳದೆಯೇ ಪಾತ್ರೆಗಳ ಮೇಲಿನ ಬರಹಕ್ಕೆ ಕಾಗದ ಅಂಟಿಸಿ, ತಮ್ಮದೇ ಗುರುತು ಹಾಕಿ, ಎಣಿಸಲು ಕೊಡತೊಡಗಿದಾಗ. ಹಾಗೆ ಎಣಿಸಿದಾಗಲೂ ಚುಕ್ಕೆಗಳು ಕಡಿಮೆಯಾಗುತ್ತಿದ್ದವು. ಆದರೆ ಹೆಸರು ನೋಡಿ ಎಣಿಸಿದಾಗ ಕಡಿಮೆಯಾಗುತ್ತಿದ್ದಷ್ಟು ಆಗುತ್ತಿರಲಿಲ್ಲ.

ಆ ಅಂತರ ನನ್ನನ್ನು ತಿಂದುಹಾಕಿತು. ಅದು ಎಲ್ಲಿಂದ ಬರುತ್ತಿದೆ ಎಂದು ನನ್ನ ಗೈಡ್‌ರನ್ನು ಕೇಳಬೇಕೆಂದು ಎಷ್ಟೋ ಸಲ ಅವರ ಕೋಣೆಯ ತನಕ ಹೋಗಿದ್ದೇನೆ. ಕೇಳಿದರೆ ನನ್ನ ಪ್ರಾಮಾಣಿಕತೆಯನ್ನೇ ಶಂಕಿಸಿಯಾರು ಎಂದು ಹಿಂದಿರುಗಿದ್ದೇನೆ. ಈಗ ಯೋಚಿಸಿದರೆ ಅವರು ಹಾಗೆ ಮಾಡುವ ಮನುಷ್ಯರಾಗಿರಲಿಲ್ಲ. ನೀನು ಈ ಮಾತನ್ನು ಊಟದ ಸುದ್ದಿಯ ನಡುವೆ ತುರುಕಿಯಾದರೂ ಒಬ್ಬರಿಗೆ ಬರೆದೆ. ನಾನು ಅಷ್ಟನ್ನೂ ಮಾಡಲಿಲ್ಲ ಎಂಬ ವಿಷಾದ ನನಗೆ ಇಂದಿಗೂ ಇದೆ. ಗೈಡ್ ಹತ್ತಿರ ಹೋಗುವಾಗ ಇದನ್ನು ತಪ್ಪೊಪ್ಪಿಗೆಯಂತೆ ಹೇಳಬೇಡ. ಯಾವ ಕೋಶವನ್ನು ಬಿಡಬಹುದು ಎಂಬುದಕ್ಕೆ ನಮ್ಮ ಲ್ಯಾಬಿನಲ್ಲಿ ಬರೆದಿಟ್ಟ ನಿಯಮವಿದೆಯೇ ಎಂದು ಕೇಳು. ಇದು ನನ್ನ ಅಭಿಪ್ರಾಯ ಅಷ್ಟೇ, ಅವರ ಸ್ವಭಾವ ನಿನಗೇ ಚೆನ್ನಾಗಿ ಗೊತ್ತು.

ಆಮೇಲೆ ಏನಾಯಿತು ಎಂಬುದು ನಿನ್ನ ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಸಪ್ರೆಸರ್ ಕೋಶಗಳ ಗುರುತು ಎಂದು ನಂಬಿದ್ದ ಐ-ಜೆ ಎಂಬ ಅಣುವಿಗೆ 1976ರಲ್ಲಿ ಇಲಿಯ ಕ್ರೋಮೋಸೋಮಿನಲ್ಲಿ ಒಂದು ಜಾಗ ಗುರುತಿಸಿದ್ದರು. ಎಂಬತ್ತರ ದಶಕದಲ್ಲಿ ಆ ಭಾಗದ ಡಿಎನ್‌ಎಯನ್ನು ಬಿಡಿಸಿ ನೋಡಿದಾಗ ಅಲ್ಲಿ ಅಂಥ ಜೀನ್‌ಗೆ ಎಡೆಯೇ ಇರಲಿಲ್ಲ. ಕ್ಷೇತ್ರವೇ ಕುಸಿಯಿತು. ಸಪ್ರೆಸರ್ ಎಂಬ ಪದವನ್ನು ಬಾಯಿಬಿಟ್ಟು ಹೇಳಲು ಜನ ನಾಚಿಕೊಂಡ ಕಾಲವೊಂದಿತ್ತು. ನಾನು ಆಗಲೇ ಧಾರವಾಡದಲ್ಲಿ ಬಿ.ಎಸ್‌ಸಿ. ಮಕ್ಕಳಿಗೆ ಕಪ್ಪೆಯ ರಕ್ತಪರಿಚಲನೆ ಹೇಳಿಕೊಡುತ್ತಿದ್ದೆ. ಸುದ್ದಿ ತಿಳಿದಾಗ, ಸದ್ಯ, ಬಿಟ್ಟು ಬಂದದ್ದೇ ಒಳ್ಳೆಯದಾಯಿತು ಎನ್ನಿಸಿತು. ಆ ಸಮಾಧಾನ ಬಹಳ ವರ್ಷ ಉಳಿಯಲಿಲ್ಲ. ಜಪಾನಿನ ಶಿಮೋನ್ ಸಕಾಗುಚಿ ತಡೆಯುವ ಕೋಶಗಳ ಹುಡುಕಾಟವನ್ನು ಬಿಟ್ಟಿರಲಿಲ್ಲ. 1995ರಲ್ಲಿ ಅವರು ಸಿಡಿ25 ಎಂಬ ಗುರುತುಳ್ಳ ಟಿ ಕೋಶಗಳನ್ನು ತೆಗೆದುಹಾಕಿ, ಉಳಿದವನ್ನು ಟಿ ಕೋಶಗಳು ಬೆಳೆಯುವ ಥೈಮಸ್ ಗ್ರಂಥಿಯೇ ಇಲ್ಲದ ಇಲಿಗಳಿಗೆ ಕೊಟ್ಟಾಗ ಅವುಗಳ ದೇಹ ತನ್ನ ಅಂಗಗಳನ್ನೇ ದಾಳಿ ಮಾಡಿತು; ತೆಗೆದ ಕೋಶಗಳನ್ನು ಮರಳಿ ಸೇರಿಸಿದಾಗ ಕಾಯಿಲೆ ಬರಲಿಲ್ಲ. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಬೇರೊಂದು ದಾರಿಯಿಂದ ಫಾಕ್ಸ್‌ಪಿ3 ಜೀನನ್ನು ಕಂಡುಹಿಡಿದರು, ಸಕಾಗುಚಿಯವರ ಕೋಶಗಳನ್ನು ರೂಪಿಸುವುದು ಆ ಜೀನೇ ಎಂದು ಆಮೇಲೆ ತಿಳಿದು ಎರಡೂ ಸೇರಿದವು, 2025ರ ನೊಬೆಲ್ ಈ ಮೂವರಿಗೆ ಬಂತು.

ಜನ ಇದನ್ನು ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ನಿನ್ನ ಭಯ. ತಡೆಯುವ ಕೋಶಗಳು ಇದ್ದದ್ದು ನಿಜ, ನಾವು ಕಂಡ ಚುಕ್ಕೆಗಳ ಇಳಿಕೆಯಲ್ಲಿ ಒಂದು ಪಾಲು ನಮ್ಮ ಆಸೆಯಾಗಿದ್ದದ್ದೂ ನಿಜವಿರಬೇಕು. ಎರಡೂ ಒಟ್ಟಿಗೆ ನಿಜವಾಗಿರಬಹುದು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಆಸೆಯ ಪಾಲು ಕಂಡ ಕೂಡಲೇ ಉಳಿದದ್ದೂ ಸುಳ್ಳೆಂದು ನನ್ನೊಳಗೇ ತೀರ್ಪು ಕೊಟ್ಟುಬಿಟ್ಟೆ. ನೀನೂ ಆ ತೀರ್ಪಿನ ಕಡೆಗೆ ವಾಲುತ್ತಿದ್ದೀಯ ಎಂದು ನಿನ್ನ ಪತ್ರ ಓದಿದಾಗ ನನಗೆ ಹೆದರಿಕೆಯಾಯಿತು. ನಿನ್ನ ಔಷಧದ ಪರಿಣಾಮ ನೀನು ಎಣಿಸಿದ್ದಕ್ಕಿಂತ ಚಿಕ್ಕದಾಗಿ ಉಳಿಯಬಹುದು, ಉಳಿಯದೆಯೂ ಹೋಗಬಹುದು. ಎಣಿಸುವ ಮೊದಲೇ ಎರಡರಲ್ಲಿ ಒಂದನ್ನು ನಂಬಿಕೊಳ್ಳಬೇಡ ಎಂದಷ್ಟೇ ನಾನು ಬೇಡಿಕೊಳ್ಳುವುದು.

ಬಿಟ್ಟ ಕೋಶಗಳ ಬಗ್ಗೆ ಇನ್ನೊಂದು ಮಾತು. 2004ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬ್ರಿಂಕ್‌ಮನ್, ಜಿಕ್ಲಿನ್‌ಸ್ಕಿ ಮತ್ತು ಸಂಗಡಿಗರು ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತದೆ ಎಂದು ತೋರಿಸಿದರು. ಗಾಜಿನ ಮೇಲೆ ಅಂಥ ಅಂಟು ಎಳೆಗಳನ್ನು ನಾವೆಲ್ಲ ಕಂಡಿದ್ದೆವು. ಸತ್ತ ಕೋಶಗಳ ಗಲೀಜು ಎಂದು ತೊಳೆದು ಹಾಕುತ್ತಿದ್ದೆವು. ನಾವು ತೊಳೆದದ್ದರಲ್ಲಿ ಹೆಚ್ಚಿನದು ನಿಜಕ್ಕೂ ಗಲೀಜೇ ಇದ್ದೀತು. ಆದರೆ ತೊಳೆಯುವ ಮೊದಲು ಎಷ್ಟಿತ್ತು ಎಂದು ಯಾರೂ ಬರೆದಿಡಲಿಲ್ಲ. ಅದಕ್ಕೆ ಹೇಳುತ್ತೇನೆ: ಬಾಯಲ್ಲಿ ನಿಂತವನ್ನು ಸದ್ಯಕ್ಕೆ ಲೆಕ್ಕದಿಂದ ಹೊರಗಿಟ್ಟರೂ ಚಿಂತೆಯಿಲ್ಲ, ಅವುಗಳ ಸಂಖ್ಯೆಯನ್ನು ಮಾತ್ರ ಪಕ್ಕದಲ್ಲಿ ಬರೆದಿಡು. ಔಷಧದ ಪಾತ್ರೆಯಲ್ಲೂ ಬರೀ ಪಾತ್ರೆಯಲ್ಲೂ ಅವು ಒಂದೇ ಪ್ರಮಾಣದಲ್ಲಿದ್ದರೆ ತಪ್ಪು ನಿನ್ನ ಪಿಪೆಟ್ಟಿನದಿರಬಹುದು. ಒಂದರಲ್ಲಿ ಹೆಚ್ಚಿದ್ದರೆ ನೀನು ಎಸೆಯುತ್ತಿರುವುದು ಫಲಿತಾಂಶವನ್ನೇ. ಹಳೆಯ ಕಾಲದವಳ ಮಾತು ಎಂದು ನಗಬೇಡ. ಟ್ರ್ಯಾಕಿಂಗ್ ಸಾಫ್ಟ್‌ವೇರ್ ಬಗ್ಗೆ ನನಗೇನೂ ತಿಳಿಯದು, ಅದರೊಳಗೆ ಇದಕ್ಕಿಂತ ಸುಲಭದ ಉಪಾಯ ಇರಲೂಬಹುದು.

ನಮಗೆ ರಕ್ತಕಣ ಎಣಿಸುವ ಗಾಜನ್ನು ಕೊಟ್ಟ ಮೊದಲ ದಿನವೇ ಕಲಿಸುತ್ತಿದ್ದ ನಿಯಮ ನೆನಪಿಗೆ ಬಂತು. ಚೌಕದ ಮೇಲಿನ ಮತ್ತು ಎಡದ ಗೆರೆ ಮುಟ್ಟಿದ ಕೋಶಗಳನ್ನು ಎಣಿಸಬೇಕು, ಕೆಳಗಿನ ಮತ್ತು ಬಲದ ಗೆರೆಯವನ್ನು ಬಿಡಬೇಕು. ಎಡದ ಗೆರೆಯ ಕೋಶ ಬಲದ ಗೆರೆಯದಕ್ಕಿಂತ ಹೆಚ್ಚು ಸಾಚಾ ಎಂದೇನೂ ಅಲ್ಲ. ಕೋಶ ಕಣ್ಣಿಗೆ ಬೀಳುವ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ, ಅಷ್ಟೇ. ನಿನ್ನ ಕಾಲುವೆಗೂ ಅಂಥದೊಂದು ನಿಯಮ ಬೇಕು. ಇಷ್ಟು ನಿಮಿಷದಲ್ಲಿ ಇಷ್ಟು ಮೈಕ್ರಾನ್ ಸರಿಯದ ಕೋಶ ನಿಂತ ಕೋಶ ಎಂದು ಇಟ್ಟುಕೋ, ಆದರೆ ವಿಡಿಯೊ ತೆರೆಯುವ ಮೊದಲೇ ಬರೆದು ತಾರೀಖು ಹಾಕಿಡು. ಫೈಲುಗಳ ಹೆಸರನ್ನು ನಿನ್ನ ಪಕ್ಕದ ಬೆಂಚಿನ ಹುಡುಗಿಯ ಕೈಯಲ್ಲಿ ಬದಲಿಸಿಸು. ಅವಳಿಗೆ ಕೆಲಸ ಹೆಚ್ಚಾಗುತ್ತದೆ, ನೀನೂ ಅವಳ ಫೈಲುಗಳಿಗೆ ಅದನ್ನೇ ಮಾಡಿಕೊಡು. ಮತ್ತೆ, ಒಬ್ಬ ದಾನಿಯ ರಕ್ತದಲ್ಲಿ ಮುನ್ನೂರು ಕೋಶ ಎಣಿಸಿದರೂ ದಾನಿ ಒಬ್ಬರೇ ಎಂಬುದನ್ನು ಮರೆಯಬೇಡ. ನೀನು ಕಳುಹಿಸಿದ ಚಾರ್ಟಿನಲ್ಲಿ ಎಲ್ಲ ದಾನಿಗಳನ್ನೂ ಒಂದೇ ರಾಶಿಗೆ ಹಾಕಿದಂತೆ ಕಂಡಿತು. ನನ್ನ ಕಣ್ಣು ಮೊದಲಿನಂತಿಲ್ಲ, ತಪ್ಪಾಗಿ ನೋಡಿದ್ದರೆ ಕ್ಷಮಿಸು.

ಹಳೆಯ ವಿಡಿಯೊಗಳನ್ನು ಮತ್ತೆ ಎಣಿಸುವುದೆಂದರೆ ಎರಡು ಮೂರು ತಿಂಗಳ ಕೆಲಸ, ಥೀಸಿಸ್ಸಿನ ಸಾರಾಂಶವಾದ ಸಿನಾಪ್ಸಿಸ್ ಕೊಡುವ ದಿನ ಹತ್ತಿರ ಬಂದಿದೆ ಎಂಬುದೂ ನನಗೆ ಗೊತ್ತು. ಎಲ್ಲವನ್ನೂ ಎಣಿಸಲಾಗದಿದ್ದರೆ ಮೂವರು ದಾನಿಗಳದ್ದನ್ನು ಚೀಟಿ ಎತ್ತಿ ಆರಿಸಿಕೋ. ಅಲ್ಲಿಯೂ ಕೈ ತನಗೆ ಬೇಕಾದವರ ಕಡೆಗೆ ಹೋಗುತ್ತದೆ, ಅದಕ್ಕೇ ಚೀಟಿ. ಹೆಸರು ಮುಚ್ಚಿ ಎಣಿಸಿದ ಮೇಲೆ ಬಂದ ಅಂಕಿಗಳನ್ನು ನನಗೆ ಕಳುಹಿಸು. ಸರಾಸರಿ ಬೇಡ, ಒಬ್ಬೊಬ್ಬ ದಾನಿಯದ್ದೂ ಬೇರೆ ಬೇರೆಯಾಗಿ, ನಿಂತ ಕೋಶಗಳ ಸಂಖ್ಯೆಯ ಸಮೇತ. ಹೇಗೆ ಬಂದರೂ ಕಳುಹಿಸು.

ಇಂತಿ,
ನಿನ್ನ ಅತ್ತೆ