ಭಾನುವಾರದ ಮಾತುಕತೆ: ಈ ಸಲ ಬೀಬಿ ಮರ್ಯಮ್, ನಮ್ಮ ಮರಿಯಮ್ಮ

ಎಲ್ಲರಿಗೂ ನಮಸ್ಕಾರ, ಸಲಾಮ್.

ಈ ಭಾನುವಾರ ಸಂಜೆ ಮುಸ್ಲಿಮರು, ಕ್ರೈಸ್ತರು ಕೂಡಿ ಬೀದರ್‌ನಲ್ಲಿ ಎಂದಿನ ಹಾಲ್‌ನಲ್ಲೇ ಸೇರೋಣ. ವಿಷಯ ಯೇಸುವಿನ ತಾಯಿ: ಕುರಾನ್‌ನಲ್ಲಿ ಮರ್ಯಮ್, ಸುವಾರ್ತೆಯಲ್ಲಿ ಮರಿಯಮ್ಮ. ಅಸರ್ (ಇಳಿಹೊತ್ತಿನ) ನಮಾಜ್ ಮುಗಿಸಿ ಬನ್ನಿ, ಮಗ್ರಿಬ್‌ಗೆ (ಸೂರ್ಯ ಮುಳುಗಿದ ಮೇಲಿನ ನಮಾಜ್‌ಗೆ) ಮುಂಚೆ ಮುಗಿಸೋಣ.

ಕುರಾನ್‌ನಲ್ಲಿ ಹೆಸರು ಹಿಡಿದು ಕರೆದಿರುವ ಹೆಂಗಸು ಮರ್ಯಮ್ ಒಬ್ಬರೇ. 19ನೇ ಸೂರಾಕ್ಕೆ (ಅಧ್ಯಾಯಕ್ಕೆ) ಅವರದೇ ಹೆಸರು. ಅಲ್ಲಿ ಹೆರಿಗೆ ನೋವು ಬಂದಾಗ ಅವರು ಖರ್ಜೂರದ ಮರದ ಕೆಳಗೆ ಒಬ್ಬರೇ ಇರುತ್ತಾರೆ. ಮರ ಅಲ್ಲಾಡಿಸು, ಹಣ್ಣು ಉದುರುತ್ತದೆ ಅನ್ನುವ ಮಾತು ಕೇಳಿಸುತ್ತದೆ. ಲೂಕನ ಸುವಾರ್ತೆಯಲ್ಲಿ ಜೊತೆಗೆ ಯೋಸೇಫ ಇದ್ದಾನೆ, ಮಗು ಮಲಗುವುದು ಗೋದಲಿಯಲ್ಲಿ. ಎರಡನ್ನೂ ಗಟ್ಟಿಯಾಗಿ ಓದಿಸೋಣ. ಯಹ್ಯಾ ಅಂದರೆ ಸ್ನಾನಿಕ ಯೋಹಾನನ ತಂದೆ ಜಕರೀಯರ ಕಥೆಯನ್ನೂ ಗಮನಿಸಿ: ಕುರಾನ್‌ನಲ್ಲಿ ಅವರಿಗೆ ಮೂರು ರಾತ್ರಿ ಮಾತಿಲ್ಲ, ಲೂಕನಲ್ಲಿ ಮಗು ಹುಟ್ಟಿ ಹೆಸರಿಡುವವರೆಗೂ ಮಾತಿಲ್ಲ.

ಯೇಸು ದೇವರ ಮಗನೇ, ಶಿಲುಬೆಗೆ ಏರಿದರೇ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬರಲಿ. ಅದನ್ನು ಮುಚ್ಚಿಟ್ಟು ಸುಮ್ನೆ 'ಎಲ್ಲಾ ಒಂದೇ' ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನಿಮ್ಮ ನಂಬಿಕೆ ನೀವು ಹೇಳಿ, ಪಕ್ಕದವರದನ್ನು ಅವರೇ ಹೇಳಲಿ. ಗೆಲ್ಲೋಕೆ ಬರುವ ಚರ್ಚೆ ಟಿವಿಯಲ್ಲಿ ಬೇಕಾದಷ್ಟಿದೆ, ಅಲ್ವಾ?

2019ರಲ್ಲಿ ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಈಜಿಪ್ಟ್‌ನ ಅಲ್-ಅಜರ್ ಮಸೀದಿಯ ಇಮಾಮರು ಸಹಿ ಹಾಕಿದ, ಮನುಷ್ಯರ ಸೋದರತ್ವದ ಪತ್ರದ ಬಗ್ಗೆ ಕೆಲವರು ಕೇಳಿದ್ದಿರಿ. ಅದು ಮುಂದಿನ ತಿಂಗಳಿಗೆ.

ವಿಡಿಯೋ ಬೇಡ. ಹೆಂಗಸರು ಮುಂದೆ ಬಂದು ಕೂತರೆ ಒಳ್ಳೆಯದು, ಈ ವಿಷಯದಲ್ಲಿ ಅವರಿಗೇ ಹೇಳಲು ಜಾಸ್ತಿ ಇರುತ್ತದೆ. ದಖ್ಖನಿ ಉರ್ದುವಿನಲ್ಲಿ ಮಾತಾಡಿದರೂ ನಡೆಯುತ್ತದೆ.

ಸುಸಲಾ, ಮಿರ್ಚಿ ಭಜಿ ಇರುತ್ತದೆ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಎಷ್ಟು ಚುರುಮುರಿ ತರಬೇಕು ಅಂತ ಗೊತ್ತಾಗಬೇಕು.